ಹೆಸರು ತಿಳಿಯದೆ ಕುಡಿಯುವ ಕಾಫಿ

ಬಾಬಾಬುಡನ್ ಗಿರಿಗೆ ಏಳು ಕಾಫಿ ಬೀಜಗಳು ಬಂದ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಆದರೆ ಆ ಗಿರಿಯ ತೋಟಗಳಲ್ಲಿ ಇಂದು ಬೆಳೆಯುತ್ತಿರುವ ಗಿಡದ ಹೆಸರನ್ನು ಬಲ್ಲವರೂ ಅಷ್ಟೇ ವಿರಳ. ಮಾವಿನ ಹಣ್ಣು ಕೊಳ್ಳುವಾಗ ರಸಪುರಿಯೋ ಬಾದಾಮಿಯೋ ಎಂದು ವಿಚಾರಿಸುವ ನಾವು, ಕಾಫಿಪುಡಿ ಕೊಳ್ಳುವಾಗ ಚಿಕೋರಿ ಎಷ್ಟೆಂದು ಮಾತ್ರ ಕೇಳುತ್ತೇವೆ. ಇದು ತಕ್ಕದ್ದಲ್ಲವೆಂಬುದು ನನ್ನ ಅಭಿಪ್ರಾಯ.

ಆ ಗಿಡಗಳಲ್ಲಿ ಮುಖ್ಯವಾದದ್ದು ಎಸ್. 795 ಎಂಬ ಅರೇಬಿಕಾ ತಳಿ. ಹೆಸರು ಒಣ ಅಂಕಿಯಂತಿದ್ದರೂ ಅದರ ಹಿಂದಿನ ಕಥೆ ಒಣದಲ್ಲ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಅಲ್ಲಿನ ಕಾಫಿಯನ್ನು ಅಳಿಸಿ, ಬೆಳೆಗಾರರನ್ನು ಚಹಾದ ಕಡೆಗೆ ತಿರುಗಿಸಿತು. ಅದೇ ರೋಗ ನಮ್ಮ ಮಲೆನಾಡನ್ನೂ ಕಾಡಿತು. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನೆಗೆ ಏರ್ಪಾಡು ಮಾಡಿತು. ಅರೇಬಿಕಾ ಮತ್ತು ಲೈಬೀರಿಕಾಗಳ ಸಹಜ ಸಂಕರದಿಂದ ಹುಟ್ಟಿದ ಎಸ್. 288ಕ್ಕೆ ರೋಗವನ್ನು ತಡೆಯುವ ಶಕ್ತಿಯಿತ್ತು. ಆದರೆ ಬೀಜದ ಗುಣ ಸಾಲದಾಗಿತ್ತು. ಮೈಸೂರು ಸೀಮೆಯ ತೋಟದಲ್ಲಿಯೇ ಆರಿಸಿದ ಕೆಂಟ್ ತಳಿಗೆ ಒಳ್ಳೆಯ ಬೀಜವೂ ರುಚಿಯೂ ಇದ್ದವು. ಇವೆರಡನ್ನೂ ಕೂಡಿಸಿದಾಗ ಎಸ್. 795 ದೊರೆಯಿತು. 1940ರ ದಶಕದಲ್ಲಿ ಬೆಳೆಗಾರರ ಕೈಸೇರಿದ ಅದು ಚಿಕ್ಕಮಗಳೂರು, ಕೊಡಗು, ಸಕಲೇಶಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಮಾತ್ರವಲ್ಲ, ತಮಿಳುನಾಡಿನ ಶೇರ್ವರಾಯನ್, ಪಳನಿ ಬೆಟ್ಟಗಳಿಗೂ, ಕಡಲಾಚೆಯ ಇಂಡೋನೇಷ್ಯಾಕ್ಕೂ ಹಬ್ಬಿತು.

ಇದರ ರುಚಿಯನ್ನು ಅರಿಯಬೇಕಾದರೆ ಚಿಕೋರಿಯಿಲ್ಲದ ಪುಡಿಯ ಡಿಕಾಕ್ಷನ್ನನ್ನು ಒಮ್ಮೆ ಹಾಲಿಲ್ಲದೆ ಕುಡಿಯಬೇಕು. ಹುಳಿ ಹದವಾಗಿರುತ್ತದೆ, ಕಹಿ ನಾಲಿಗೆಯನ್ನು ಕಚ್ಚುವುದಿಲ್ಲ, ಬಾಯಿ ತುಂಬುವ ಸಾರವಿದ್ದು, ಕೊನೆಯಲ್ಲಿ ಚಾಕೊಲೇಟನ್ನೋ ಸಾಂಬಾರ ಪದಾರ್ಥಗಳನ್ನೋ ನೆನಪಿಗೆ ತರುವ ಪರಿಮಳ ಉಳಿಯುತ್ತದೆ. ಎತ್ತರದ ನೆಲ, ಮರದ ನೆರಳು, ಹಣ್ಣನ್ನು ಆರಿಸಿ ಕೊಯ್ಯುವ ಕೈ, ಇವೆಲ್ಲವೂ ಕೂಡಿದರೆ ಮಾತ್ರ ಈ ಗುಣ ಬರುತ್ತದೆ.

ಹೆಸರು ತಿಳಿದರೆಷ್ಟು, ಬಿಟ್ಟರೆಷ್ಟು ಎಂದು ಕೆಲವರು ಕೇಳಬಹುದು. ನನ್ನ ಉತ್ತರವಿಷ್ಟೆ: ಎಸ್. 795 ಇಂದು ಸುಖವಾಗಿಲ್ಲ. ತುಕ್ಕು ರೋಗವನ್ನು ತಡೆಯುವ ಅದರ ಶಕ್ತಿ ಕುಂದಿದೆ. ಬಿಳಿ ಕಾಂಡಕೊರಕ ಹುಳು ಗಿಡದ ಕಾಂಡವನ್ನು ಒಳಗಿನಿಂದಲೇ ಟೊಳ್ಳು ಮಾಡುತ್ತದೆ. ರೊಬಸ್ಟಾಕ್ಕೆ ಆ ಹುಳುವಿನ ಕಾಟವಿಲ್ಲ, ಇಳುವರಿಯೂ ಹೆಚ್ಚು. ಭಾರತದ ಕಾಫಿಯಲ್ಲಿ ಅರೇಬಿಕಾದ ಪಾಲು ಈಗ ಮೂರರಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಬೆಳೆಗಾರರಲ್ಲಿ ಬಹುಮಂದಿ ಸಣ್ಣ ಹಿಡುವಳಿಯವರು. ರುಚಿಯನ್ನು ಕೇಳುವವರೇ ಇಲ್ಲದಿರುವಾಗ, ಅವರು ಹುಳುವಿನೊಡನೆ ಏಕೆ ಹೋರಾಡಬೇಕು?

ಚಿಕೋರಿ ಬೆರೆತ ಕಾಫಿಯನ್ನು ನಾನು ಹಳಿಯುತ್ತಿಲ್ಲ. ನಮ್ಮ ಹಾಸ್ಟೆಲಿನ ಬೆಳಗು ಅದರಿಂದಲೇ ಆಗುತ್ತದೆ. ಆದರೆ ಪೊಟ್ಟಣದ ಮೇಲೆ ಚಿಕೋರಿಯ ಪ್ರಮಾಣವನ್ನು ಅಚ್ಚುಹಾಕಬೇಕೆಂದು ಕಾನೂನು ಮಾಡಿದ ನಾವು, ಕಾಫಿಯ ತಳಿಯನ್ನೂ ಸೀಮೆಯನ್ನೂ ತಿಳಿಸಿರೆಂದು ಅಂಗಡಿಯವರನ್ನು ಕೇಳಬಾರದೇಕೆ? 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್ ಗಿರಿಗಳ ಅರೇಬಿಕಾಕ್ಕೆ ಭೌಗೋಳಿಕ ಗುರುತು ದೊರೆತಿದೆ. ಆ ಗುರುತನ್ನು ಹೊರದೇಶದ ಗಿರಾಕಿ ಓದಿ ಬೆಲೆ ಕೊಡುತ್ತಾನೆ. ಒಳನಾಡಿನವರಾದ ನಾವು ಓದುವುದೇ ಇಲ್ಲ.

ಮಿತ್ರರೆ, ಮುಂದಿನ ಬಾರಿ ಪುಡಿ ತರಲು ಹೋದಾಗ ಒಂದು ಪ್ರಶ್ನೆಯನ್ನು ಹೆಚ್ಚಾಗಿ ಕೇಳೋಣ: “ಇದು ಯಾವ ಊರಿನದು, ಯಾವ ತಳಿಯದು?” ಅಂಗಡಿಯವನಿಗೆ ಮೊದಲು ನಗು ಬಂದೀತು. ಹತ್ತು ಜನ ಕೇಳಿದರೆ ಅವನೂ ತೋಟದವನನ್ನು ಕೇಳಿಯಾನು.