ಕ್ರೀಡಾಂಗಣ ಯಾರಿಗಾಗಿ?



ಈ ತಿಂಗಳು ಕ್ರೀಡಾಂಗಣದ ಕುರಿತು ಬರೆಯುತ್ತಿದ್ದೇನೆ ಎಂದರೆ ನಿಮ್ಮಲ್ಲಿ ಹಲವರು ಪುಟ ತಿರುವಲು ಸಿದ್ಧರಾಗುತ್ತೀರೆಂದು ಬಲ್ಲೆ. ಕ್ರೀಡಾಂಗಣ ಗಂಡಸರ ವಿಷಯ, ಹುಡುಗರ ವಿಷಯ, ಹೆಚ್ಚೆಂದರೆ ಟಿ.ವಿ.ಯ ವಿಷಯ ಎಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. ಸ್ವಲ್ಪ ತಡೆಯಿರಿ. ಸರಕಾರದ ಹಣದಿಂದ, ಅಂದರೆ ನೀವು ಸೋಪು, ಎಣ್ಣೆ, ಬಟ್ಟೆ ಕೊಳ್ಳುವಾಗ ಕೊಡುವ ತೆರಿಗೆಯಿಂದ ಕಟ್ಟುವ ಯಾವುದೇ ಕಟ್ಟಡ ನಿಮ್ಮ ವಿಷಯವೂ ಹೌದು.

ನಮ್ಮ ಹೊಸಪೇಟೆ 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಬಳ್ಳಾರಿಯಿಂದ ಬೇರ್ಪಟ್ಟ ಈ ರಾಜ್ಯದ 31ನೆಯ ಜಿಲ್ಲೆಯಲ್ಲಿ ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ತಾಲೂಕುಗಳಿವೆ. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಅಂದಿನಿಂದ ಊರಿನಲ್ಲಿ ನಾಲ್ಕು ಜನ ಸೇರಿದರೆ ಒಂದು ಮಾತು ಬರುತ್ತದೆ: "ಜಿಲ್ಲೆಯೇನೋ ಆಯಿತು, ಇನ್ನು ಜಿಲ್ಲೆಗೆ ತಕ್ಕ ದೊಡ್ಡ ಸ್ಟೇಡಿಯಂ ಒಂದು ಆಗಬೇಕು." ಹುಡುಗರು ಹೇಳುವುದಂತೂ ಐ.ಪಿ.ಎಲ್. ನಡೆಯುವಂಥದ್ದೇ ಬೇಕು ಎಂದು. ಆಸೆಗೆ ತೆರಿಗೆಯಿಲ್ಲವಲ್ಲ!

ಊರಿಗೆ ಕ್ರೀಡಾಂಗಣವೇ ಇಲ್ಲವೆಂದಲ್ಲ. ಡಾ. ಪುನೀತ್ ರಾಜಕುಮಾರ್ ಅವರ ಹೆಸರಿನ ಜಿಲ್ಲಾ ಕ್ರೀಡಾಂಗಣವಿದೆ. 2022ರಲ್ಲಿ ಅಲ್ಲಿ 405 ಅಡಿ ಎತ್ತರದ ಧ್ವಜಸ್ತಂಭ ಎದ್ದು ನಿಂತಿತು. ಅಷ್ಟೆತ್ತರದ ಧ್ವಜಸ್ತಂಭ ಆಗ ದೇಶದಲ್ಲಿ ಬೇರೆಲ್ಲೂ ಇರಲಿಲ್ಲ. 2025ರ ಮೇ 20ರಂದು ರಾಜ್ಯ ಸರಕಾರದ ಎರಡು ವರ್ಷಗಳ ಸಾಧನಾ ಸಮಾವೇಶ ನಡೆದದ್ದೂ ಇಲ್ಲಿಯೇ. ರಾಜ್ಯದ ಮೂಲೆಮೂಲೆಗಳಿಂದ ಜನ ಬಂದರು, ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ನೀಡುವ ಕಾರ್ಯಕ್ರಮವದು. ಒಳ್ಳೆಯ ಕಾರ್ಯಕ್ರಮ, ಯಾರ ತಕರಾರೂ ಇಲ್ಲ. ಆದರೆ ಅಂಥ ಒಂದು ದಿನದ ಕಾರ್ಯಕ್ರಮಕ್ಕೆ ಶಾಮಿಯಾನ ಹಾಕಲು ಎಷ್ಟು ದಿನ, ಬಿಚ್ಚಲು ಎಷ್ಟು ದಿನ, ಕಂಬ ನೆಟ್ಟ ಗುಂಡಿಗಳನ್ನು ಮುಚ್ಚಲು ಎಷ್ಟು ದಿನ? ಓಡಲು ಬರುವ ಮಕ್ಕಳು ಅಷ್ಟು ದಿನ ಎಲ್ಲಿಗೆ ಹೋಗಬೇಕು? ಯಾವ ಪಕ್ಷ ಆಳುತ್ತಿದ್ದರೂ ನಮ್ಮ ರಾಜ್ಯದ ಹೆಚ್ಚಿನ ಜಿಲ್ಲಾ ಕ್ರೀಡಾಂಗಣಗಳ ಕಥೆ ಇದೇ. ಹೊಸದಾಗಿ ಏನಾದರೂ ಕಟ್ಟಲೇಬೇಕೆಂದಿದ್ದರೆ, ಊರ ಹೊರಗೆ ಸಮಾವೇಶಗಳಿಗೆಂದೇ ಒಂದು ಬಯಲನ್ನು ಗೊತ್ತುಮಾಡಿ, ಇರುವ ಕ್ರೀಡಾಂಗಣವನ್ನು ಕ್ರೀಡೆಗೆ ಬಿಟ್ಟುಕೊಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಈಗ ಬೆಂಗಳೂರಿನ ಕಡೆ ನೋಡೋಣ. 2025ರ ಜೂನ್ 4ನ್ನು ಯಾವ ತಾಯಿಯೂ ಮರೆತಿರಲಾರಳು. ಹಿಂದಿನ ರಾತ್ರಿ ಅಹ್ಮದಾಬಾದಿನಲ್ಲಿ ಬೆಂಗಳೂರು ತಂಡ ಗೆದ್ದಿತ್ತು. ವಿಜಯೋತ್ಸವ ನೋಡಲು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಮುಂದೆ ಸೇರಿದ ಜನಸಾಗರದ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಬಹುತೇಕ ಎಲ್ಲರೂ ಎಳೆಯ ಪ್ರಾಯದವರು. ಬಳಿಕ ನ್ಯಾಯಮೂರ್ತಿ ಜಾನ್ ಮೈಕಲ್ ಡಿಕುನ್ಹ ಆಯೋಗವು ಆ ಸ್ಥಳ ದೊಡ್ಡ ಜನಸಂದಣಿಗೆ ಸುರಕ್ಷಿತವಲ್ಲವೆಂದಿತು. ಅದೇ ವರ್ಷ ನಡೆದ ಮಹಿಳಾ ವಿಶ್ವಕಪ್‌ನ ಪಂದ್ಯಗಳು ಬೆಂಗಳೂರಿನ ಕೈತಪ್ಪಿ ನವಿ ಮುಂಬಯಿಗೆ ಹೋದವು. ನವೆಂಬರ್ 2ರಂದು ನಮ್ಮ ದೇಶದ ಹೆಣ್ಣುಮಕ್ಕಳು ಕಪ್ ಎತ್ತಿಹಿಡಿದದ್ದು ಅಲ್ಲಿಯೇ. ಪುರುಷರ ತಂಡದ ಉತ್ಸವದಲ್ಲಾದ ಅಚಾತುರ್ಯಕ್ಕೆ ದಂಡ ತೆತ್ತವರು ಹೆಂಗಸರ ಪಂದ್ಯ ನೋಡಬೇಕೆಂದಿದ್ದ ಬೆಂಗಳೂರಿನ ಹುಡುಗಿಯರು.

ದುರಂತದ ನಂತರ ಪರಿಹಾರವೆಂದು ಮುಂದೆ ಬಂದದ್ದು ಆನೇಕಲ್ ತಾಲೂಕಿನ ಸೂರ್ಯನಗರದಲ್ಲಿ 80,000 ಆಸನಗಳ ಹೊಸ ಕ್ರೀಡಾಂಗಣದ ಪ್ರಸ್ತಾವ. ಅಂದಾಜು 1,650 ಕೋಟಿ ರೂಪಾಯಿ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಅಭ್ಯಾಸ ನನಗೆ, ಭಾಗಿಸಿ ನೋಡಿದೆ. 31 ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ 53 ಕೋಟಿಗಿಂತ ಹೆಚ್ಚು ಬರುತ್ತದೆ. ಜೂನ್ 4ರಂದು ಜೀವ ಹೋದದ್ದು ಆಸನಗಳ ಕೊರತೆಯಿಂದಲೋ, ಗೇಟಿನ ಮುಂದೆ ಯಾರಿಗೂ ಸರಿಯಾದ ಮಾಹಿತಿ ಕೊಡದೆ ಸಾವಿರಾರು ಜನರನ್ನು ನಿಲ್ಲಿಸಿದ್ದರಿಂದಲೋ? 80,000 ಆಸನಗಳಿದ್ದರೂ ಎರಡು ಲಕ್ಷ ಜನ ಬಂದರೆ ಗೇಟು ಗೇಟೇ.

ಸ್ಟೇಡಿಯಂ ಬಂದರೆ ವ್ಯಾಪಾರ ಬರುತ್ತದೆ, ಕೆಲಸ ಬರುತ್ತದೆ ಎಂದು ವಾದಿಸುವವರಿದ್ದಾರೆ. ಕೆನಡಾದ ಮಾಂಟ್ರಿಯಲ್ ನಗರ 1976ರ ಒಲಿಂಪಿಕ್ಸ್‌ಗಾಗಿ ಕಟ್ಟಿದ ಕ್ರೀಡಾಂಗಣದ ಸಾಲ ತೀರಿದ್ದು 2006ರಲ್ಲಿ. ಆಟ ನೋಡಿ ಚಪ್ಪಾಳೆ ತಟ್ಟಿದ ಮಕ್ಕಳು ದೊಡ್ಡವರಾಗಿ, ಮದುವೆಯಾಗಿ, ತಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸುವವರೆಗೂ ತೆರಿಗೆ ಕಟ್ಟುತ್ತಲೇ ಇದ್ದರು. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ನನಗೆ ಕಾಡುವ ಪ್ರಶ್ನೆ ಬೇರೆಯೇ ಇದೆ. ನನ್ನ ತರಗತಿಯಲ್ಲಿ ಓಟದಲ್ಲಿ ಹುಡುಗರನ್ನೂ ಹಿಂದಿಕ್ಕುವ ಒಬ್ಬ ಹುಡುಗಿಯಿದ್ದಳು. ಆರನೆಯ ತರಗತಿಯಲ್ಲಿ ತಾಲೂಕು ಮಟ್ಟಕ್ಕೆ ಹೋದಳು, ಏಳರಲ್ಲೂ ಹೋದಳು. ಎಂಟಕ್ಕೆ ಬಂದಾಗ ನಿಂತಳು. ಯಾರೂ ಅವಳಿಗೆ ಬೈಯಲಿಲ್ಲ, ಹೊಡೆಯಲಿಲ್ಲ. ಅಬ್ಬಾ ಒಳ್ಳೆಯವರೇ, ಹಮಾಲಿ ಕೆಲಸ ಮಾಡಿ ಮಗಳನ್ನು ಓದಿಸುವವರು. ಅವರ ಮಾತು ಇಷ್ಟೆ: "ಬೆಳಗಿನ ಐದೂವರೆಗೆ ಅವಳನ್ನು ಮೈದಾನಕ್ಕೆ ಯಾರು ಕರೆದೊಯ್ಯುತ್ತಾರೆ? ಅಲ್ಲಿ ಬಟ್ಟೆ ಬದಲಿಸಲು ಜಾಗವಿದೆಯೇ? ಶೌಚಾಲಯಕ್ಕೆ ಬೀಗವಿದೆಯಲ್ಲ, ಕೈ ಯಾರ ಬಳಿ ಇದೆ?" ಈ ಮೂರು ಪ್ರಶ್ನೆಗಳಿಗೂ ನನ್ನ ಬಳಿ ಉತ್ತರವಿರಲಿಲ್ಲ. ನಮ್ಮ ಹುಡುಗಿಯರು ಆಟ ಬಿಡುವುದಕ್ಕೆ ಧರ್ಮವನ್ನೋ ಬುರ್ಖಾವನ್ನೋ ದೂರುವವರು ಮೊದಲು ಆ ಬೀಗದ ಕೈಯನ್ನು ಹುಡುಕಲಿ.

ಧರ್ಮದ ಮಾತು ಬಂದದ್ದರಿಂದ ನಿಮಗೆಲ್ಲ ತಿಳಿದ ಘಟನೆಯೊಂದನ್ನು ನೆನಪಿಸುತ್ತೇನೆ. ಪ್ರವಾದಿ ಮುಹಮ್ಮದ್(ಸ)ರು ಹ. ಆಯಿಷಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದ್ದರು. ಮೊದಲ ಸಲ ಆಯಿಷಾ(ರ) ಗೆದ್ದರು. ಕೆಲ ಕಾಲದ ನಂತರ ಇನ್ನೊಂದು ಪ್ರಯಾಣದಲ್ಲಿ ಪ್ರವಾದಿ(ಸ) ಗೆದ್ದು, ಇದು ಅದಕ್ಕೆ ಬದಲು ಎಂದು ನಕ್ಕರು. ನಾವು ಈ ಘಟನೆಯನ್ನು ದಾಂಪತ್ಯದ ಸವಿ ಎಂದು ಹೇಳಿ ಮುಗಿಸುತ್ತೇವೆ. ಆದರೆ ಓಡುವ ಮೊದಲು ಪ್ರವಾದಿ(ಸ)ರು ಜೊತೆಯಲ್ಲಿದ್ದವರಿಗೆ ಮುಂದೆ ಸಾಗಲು ಹೇಳಿದ್ದರು ಎಂಬ ವಿವರವೂ ವರದಿಯಲ್ಲಿದೆ. ಇಡೀ ಕಾಫಿಲಾ ಸರಿದು ಜಾಗ ಬಿಟ್ಟುಕೊಟ್ಟಿತು, ಒಬ್ಬ ಹೆಣ್ಣುಮಗಳು ನಿಶ್ಚಿಂತೆಯಿಂದ ಓಡಿದಳು. ನಾನು ಕೇಳುತ್ತಿರುವುದು ಇಂಥ ಏರ್ಪಾಡನ್ನೇ.

ನಮ್ಮ ನೆಲದ ಚರಿತ್ರೆಯಲ್ಲೂ ಇದು ಹೊಸತಲ್ಲ. ಹಂಪಿಗೆ ಹೋದಾಗ ಮಹಾನವಮಿ ದಿಬ್ಬವನ್ನು ನೋಡಿಯೇ ಇರುತ್ತೀರಿ. ಅದರ ಕಲ್ಲುಗಳಲ್ಲಿ ಕುಸ್ತಿಯಾಳುಗಳು, ಬೇಟೆ, ಕುಣಿತ ಎಲ್ಲವೂ ಕೆತ್ತಲ್ಪಟ್ಟಿವೆ. ಎರಡನೆಯ ದೇವರಾಯನ ಕಾಲದಲ್ಲಿ, 1443ರಲ್ಲಿ, ಪರ್ಷಿಯಾದಿಂದ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕ್ ಆ ಉತ್ಸವದ ವೈಭವವನ್ನು ಬರೆದಿಟ್ಟಿದ್ದಾನೆ. ಅವನ ನಂತರ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಅರಮನೆಯ ಹೆಂಗಸರ ಪಟ್ಟಿ ಕೊಡುವಾಗ ಲೆಕ್ಕ ಬರೆಯುವವರು, ಭವಿಷ್ಯ ಹೇಳುವವರ ಜೊತೆಗೆ ಕುಸ್ತಿ ಆಡುವ ಹೆಂಗಸರನ್ನೂ ಹೆಸರಿಸಿದ್ದಾನೆ. ಐದು ಶತಮಾನಗಳ ಹಿಂದೆ ಇಲ್ಲಿಂದ ಹನ್ನೆರಡು ಕಿಲೋಮೀಟರು ದೂರದಲ್ಲಿ ಹೆಣ್ಣುಮಕ್ಕಳು ಕುಸ್ತಿ ಆಡುತ್ತಿದ್ದರು. ಈಗ ನಮ್ಮ ಹುಡುಗಿಗೆ ಓಡಲು ಮಣ್ಣಿನ ಒಂದು ಸುತ್ತಿಲ್ಲ.

ದೊಡ್ಡ ಸ್ಟೇಡಿಯಂ ಇಲ್ಲದಿದ್ದರೆ ದೊಡ್ಡ ಆಟಗಾರರು ಬರುವುದಿಲ್ಲ ಎಂಬುದು ಇನ್ನೊಂದು ವಾದ. ತೆಲಂಗಾಣದ ನಿಝಾಮಾಬಾದ್ ಕೂಡ ನಮ್ಮ ಹಾಗೆ ಒಂದು ಜಿಲ್ಲಾ ಕೇಂದ್ರ. ಅಲ್ಲಿನ ನಿಖತ್ ಝರೀನ್ 2022ರಲ್ಲಿ ಇಸ್ತಾಂಬುಲ್‌ನಲ್ಲಿ, 2023ರಲ್ಲಿ ದೆಹಲಿಯಲ್ಲಿ ಬಾಕ್ಸಿಂಗ್‌ನ ವಿಶ್ವ ಚಾಂಪಿಯನ್ ಆದರು. ಅವರು ಆರಂಭಿಸಿದ್ದು ಹವಾನಿಯಂತ್ರಿತ ಕಟ್ಟಡದಲ್ಲಲ್ಲ, ಊರಿನ ಕಲೆಕ್ಟರ್ ಮೈದಾನದಲ್ಲಿ, ಮೊದಲು ಓಟದಿಂದ. ತಾವೂ ಕ್ರೀಡಾಪಟುವಾಗಿದ್ದ ತಂದೆ ಮಗಳನ್ನು ಕರೆದುಕೊಂಡು ಹೋಗುತ್ತಿದ್ದರು. ಬಾಕ್ಸಿಂಗ್‌ನಲ್ಲಿ ಹುಡುಗಿಯರೇ ಕಾಣದಿದ್ದಾಗ ಏಕೆಂದು ಆಕೆ ಕೇಳಿದರು, ಅಲ್ಲಿಂದ ದಾರಿ ತೆರೆಯಿತು. ನೆಂಟರಿಷ್ಟರ ಚುಚ್ಚುಮಾತುಗಳೂ ಇದ್ದವು. ಅದೆಲ್ಲಿ ಇರುವುದಿಲ್ಲ ಹೇಳಿ? ಊರಿನಲ್ಲೊಂದು ಮೈದಾನವಿತ್ತು, ತಂದೆ ಜೊತೆಗಿದ್ದರು ಎಂಬುದನ್ನು ಗಮನಿಸಿ. ಗ್ಯಾಲರಿ ಎಷ್ಟು ದೊಡ್ಡದಿತ್ತೆಂದು ಯಾರೂ ಕೇಳುವುದಿಲ್ಲ.

ನಮ್ಮ ನೆರೆಯಲ್ಲೇ, ಸುಮಾರು 30 ಕಿಲೋಮೀಟರು ದೂರದಲ್ಲಿ, ಸಂಡೂರು ತಾಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ವಿಜಯನಗರ ಟೌನ್‌ಶಿಪ್‌ನಲ್ಲಿ 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಜಾವೆಲಿನ್‌ನ ನೀರಜ್ ಚೋಪ್ರಾ 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯ ಬಳಿಕ ಚೇತರಿಸಿಕೊಂಡದ್ದು ಅಲ್ಲಿ. ಕುಸ್ತಿ, ಬಾಕ್ಸಿಂಗ್, ಜೂಡೋ, ಅಥ್ಲೆಟಿಕ್ಸ್‌ಗೆ ದೇಶದಾದ್ಯಂತದಿಂದ ಆಯ್ದ ಮಕ್ಕಳು ಬಂದು ತರಬೇತಿ ಪಡೆಯುತ್ತಾರೆ. ಅಂಥ ಸಂಸ್ಥೆ ಬೇಕು, ಖಂಡಿತ ಬೇಕು. ಆದರೆ ಅದು ಆಯ್ದುಕೊಳ್ಳುವ ಸಂಸ್ಥೆ. ಆಯ್ಕೆಗೆ ಹೋಗುವಷ್ಟು ಓಡಿ ಕಲಿಯಲು ಚಿತ್ತವಾಡಗಿಯ, ಚಪ್ಪರದಹಳ್ಳಿಯ, ಪಟೇಲ್ ನಗರದ ಹುಡುಗಿಗೆ ಮನೆಯಿಂದ ಹತ್ತು ನಿಮಿಷದಲ್ಲಿ ನಡೆದುಹೋಗುವಂಥ ಜಾಗ ಬೇಕು. ಹರಪನಹಳ್ಳಿ, ಹಡಗಲಿಯ ಮಕ್ಕಳಿಗಂತೂ ಹೊಸಪೇಟೆಯೇ ದೂರ. ಅವರ ತಾಲೂಕಿನ ಮೈದಾನಕ್ಕೆ ಕಾಂಪೌಂಡು ಕಟ್ಟದೆ ಇಲ್ಲಿ ಗ್ಯಾಲರಿ ಕಟ್ಟಿದರೆ ಅವರಿಗೇನು ಬಂತು?

ಗೇಟಿನ ಮಾತು ನಮ್ಮ ಊರಿಗೆ ಮಾತ್ರ ಸೀಮಿತವಲ್ಲ. ಸೌದಿಯಲ್ಲಿ ಮಹಿಳೆಯರು ಫುಟ್‌ಬಾಲ್ ಪಂದ್ಯ ನೋಡಲು ಕ್ರೀಡಾಂಗಣ ಪ್ರವೇಶಿಸಿದ್ದು 2018ರ ಜನವರಿಯಲ್ಲಿ, ಜಿದ್ದಾದಲ್ಲಿ. ಇರಾನಿನಲ್ಲಿ ಆಝಾದಿ ಕ್ರೀಡಾಂಗಣದ ಬಾಗಿಲು ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಮಹಿಳೆಯರಿಗಾಗಿ ತೆರೆದದ್ದು 2019ರ ಅಕ್ಟೋಬರ್‌ನಲ್ಲಿ, ಅದೂ ಒಬ್ಬ ಯುವತಿಯ ಸಾವಿನ ನಂತರ. ಇನ್ನು ಒಳಗೆ ಆಡುವ ಮಾತು. ಶಿರವಸ್ತ್ರ ಧರಿಸಿದ ಹುಡುಗಿಯರಿಗೆ ಫಿಫಾ ಹಾಕಿದ್ದ ನಿಷೇಧ ಪೂರ್ತಿಯಾಗಿ ಹೋದದ್ದು 2014ರಲ್ಲಿ. 2023ರ ಮಹಿಳಾ ವಿಶ್ವಕಪ್‌ನಲ್ಲಿ ಮೊರಾಕ್ಕೊದ ನುಹೈಲಾ ಬೆಂಝೀನಾ ಹಿಜಾಬ್ ಧರಿಸಿಯೇ ಆಡಿದರು. ಆದ್ದರಿಂದ, ಉಡುಪನ್ನು ಬಿಟ್ಟರೆ ಮಾತ್ರ ಆಟ ಎಂದು ಮಗಳಿಗೆ ಹೇಳುವವರನ್ನೂ ನಂಬಬೇಡಿ, ಉಡುಪಿನ ನೆಪ ಹೇಳಿ ಮನೆಯಲ್ಲಿ ಕೂರಿಸುವವರನ್ನೂ ನಂಬಬೇಡಿ.

ಇದು ಪದಕದ ಪ್ರಶ್ನೆ ಮಾತ್ರವೂ ಅಲ್ಲ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈದಣಿಸಬೇಕೆನ್ನುತ್ತದೆ. ಮನೆಗೆಲಸವೇ ವ್ಯಾಯಾಮವಲ್ಲವೇ ಎನ್ನುತ್ತೀರಿ. ಅದೂ ದಣಿವೇ, ನಿಜ. ಆದರೆ ನಿಂತು ರೊಟ್ಟಿ ಬಡಿಯುವುದಕ್ಕೂ ಬಿರುಸಾಗಿ ಅರ್ಧ ತಾಸು ನಡೆಯುವುದಕ್ಕೂ ಅಂತರವಿದೆ. ನಮ್ಮ ಬೀದಿಯಲ್ಲಿ ನಲವತ್ತು ದಾಟಿದ ಎಷ್ಟು ಮಂದಿ ಹೆಂಗಸರು ಮಂಡಿ ಹಿಡಿದುಕೊಂಡು ಕುರ್ಚಿಯಲ್ಲಿ ಕೂತು ನಮಾಝ್ ಮಾಡುತ್ತಿದ್ದಾರೆಂದು ನೀವೇ ಎಣಿಸಿ ನೋಡಿ.

ಆದ್ದರಿಂದ ಹೊಸಪೇಟೆಗೆ ಹೊಸ ದೊಡ್ಡ ಸ್ಟೇಡಿಯಂ ಬೇಕೇ ಎಂದು ಯಾರಾದರೂ ಕೇಳಿದರೆ ಈಗ ಬೇಡವೆಂದೇ ನನ್ನ ಉತ್ತರ. ಇರುವ ಕ್ರೀಡಾಂಗಣದಲ್ಲಿ ಬೆಳಿಗ್ಗೆ, ಸಂಜೆ ಹೆಣ್ಣುಮಕ್ಕಳಿಗೆ ಗೊತ್ತಾದ ಸಮಯವಿರಲಿ. ಆ ಸಮಯದಲ್ಲಿ ಒಬ್ಬ ಮಹಿಳಾ ತರಬೇತುದಾರರು, ದೀಪ, ನೀರು, ಬಟ್ಟೆ ಬದಲಿಸುವ ಕೋಣೆ, ಬೀಗವಿಲ್ಲದ ಶೌಚಾಲಯ ಇರಲಿ. ಒಳಾಂಗಣ ಕ್ರೀಡಾಂಗಣವಿರುವ ಕಡೆಯಲ್ಲೆಲ್ಲ ದಿನಕ್ಕೆ ಎರಡು ಗಂಟೆ ಮಹಿಳೆಯರಿಗೇ ಮೀಸಲಾಗಲಿ. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ನಮ್ಮ ಊರಿಗೆ ನೆರಳಿನ ಜಾಗದ ಬೆಲೆ ಗೊತ್ತು. ಗಣಿ ಕಂಪೆನಿಗಳು ಕಟ್ಟುವ ಜಿಲ್ಲಾ ಖನಿಜ ನಿಧಿಯಲ್ಲಿ ಶಿಕ್ಷಣ, ಆರೋಗ್ಯ, ಮಹಿಳೆ ಮತ್ತು ಮಕ್ಕಳ ಕಲ್ಯಾಣಕ್ಕೆ ಆದ್ಯತೆಯಿದೆ. ಅದಿರಿನ ಲಾರಿಗಳ ಕೆಂಪು ಧೂಳು ಕುಡಿದು ಬೆಳೆದ ಮಕ್ಕಳಿಗೆ ಸರಕಾರಿ ಶಾಲೆಯ ಬಯಲನ್ನು ಹಸನುಮಾಡಿ ಕೊಡಲು ಆ ಹಣದಿಂದ ಕೇಳುವುದರಲ್ಲಿ ಸಂಕೋಚವೇಕೆ? ವಾರ್ಡಿನ ಸದಸ್ಯರು ಓಟು ಕೇಳಲು ಬಂದಾಗ ಚರಂಡಿ, ನಲ್ಲಿಯ ಜೊತೆ ಇದನ್ನೂ ಕೇಳಿ.

ಸರಕಾರದ ಬಾಗಿಲು ತಟ್ಟುವಾಗ ನಮ್ಮ ಬಾಗಿಲುಗಳನ್ನೂ ನೋಡಿಕೊಳ್ಳೋಣ. ನಮ್ಮ ಹೆಚ್ಚಿನ ಊರುಗಳಲ್ಲಿ ಶಾದಿ ಮಹಲ್‌ಗಳಿವೆ. ಎತ್ತರದ ಗೋಡೆ, ಫ್ಯಾನು, ಹೆಂಗಸರಿಗೆ ಬೇರೆ ಬಾಗಿಲು, ಸಾಲು ಶೌಚಾಲಯ ಎಲ್ಲವೂ ಇವೆ. ಮದುವೆ ವಾರದಲ್ಲಿ ಎರಡೋ ಮೂರೋ ದಿನ. ಮುಹರ್ರಂ, ರಮಝಾನ್‌ನಲ್ಲಿ ಮದುವೆಯೇ ವಿರಳ. ಉಳಿದ ದಿನ ಬೀಗ. ನಮ್ಮ ಬೀದಿಯ ಕೆಲವು ತಾಯಂದಿರು ಇತ್ತೀಚೆಗೆ ಹತ್ತಿರದ ಒಂದು ಶಾದಿ ಮಹಲ್‌ನ ಕಮಿಟಿಗೆ ಅರ್ಜಿ ಕೊಟ್ಟಿದ್ದಾರೆ. ಮದುವೆಯಿಲ್ಲದ ದಿನಗಳಲ್ಲಿ ಅಸರ್‌ನಿಂದ ಮಗ್ರಿಬ್‌ವರೆಗೆ ಹಾಲನ್ನು ಹೆಣ್ಣುಮಕ್ಕಳಿಗೆ ಬಿಟ್ಟುಕೊಡಬೇಕು, ಒಂದು ಬದಿಯಲ್ಲಿ ಮಕ್ಕಳಿಗೆ ಬ್ಯಾಡ್ಮಿಂಟನ್, ಇನ್ನೊಂದು ಬದಿಯಲ್ಲಿ ದೊಡ್ಡವರ ನಡಿಗೆ. ಕರೆಂಟು ಬಿಲ್ಲು ಯಾರು ಕಟ್ಟುವುದೆಂದು ಕಮಿಟಿಯವರು ಕೇಳಿದರು. ಮನೆಗೆ ತಿಂಗಳಿಗೆ ಐವತ್ತು ರೂಪಾಯಿಯಂತೆ ಹಾಕುತ್ತೇವೆಂದು ಇವರು ಒಪ್ಪಿದರು. ಗುಡಿಸುವ ಕೆಲಸವನ್ನೂ ಸರದಿಯಂತೆ ಹಂಚಿಕೊಂಡಿದ್ದಾರೆ. ಬರುವ ಜುಮಾದ ನಂತರ ಕೂತು ಮಾತನಾಡಿ ತಿಳಿಸುತ್ತೇವೆ ಎಂದಿದ್ದಾರೆ ಕಮಿಟಿಯವರು.