ಮೇಷ್ಟ್ರು ಮೊದಲು ಬರೆಯಲಿ

ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಗಾದೆ ವಿಸ್ತರಣೆ ಬಂತೆಂದರೆ ಎಷ್ಟೋ ಮಕ್ಕಳ ಉತ್ತರ ಒಂದೇ ರೀತಿ ಶುರುವಾಗುತ್ತದೆ: ವೇದ ಸುಳ್ಳಾದರೂ ಗಾದೆ ಸುಳ್ಳಾಗದು, ಗಾದೆಗಳು ಹಿರಿಯರ ಅನುಭವದ ಸಾರ. ಗಾದೆ ಯಾವುದೇ ಇರಲಿ, ಈ ಎರಡು ಸಾಲು ಮೊದಲೇ ಸಿದ್ಧ. ಪ್ರಬಂಧಕ್ಕೂ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಖಾನೆಗಳಿವೆ. ತುಂಬಿಸಿದರೆ ಅಂಕ ಬರುತ್ತದೆ. ಅದೇ ಮಗುವಿನ ಮುಂದೆ ಖಾಲಿ ಹಾಳೆ ಇಟ್ಟು ‘ನಿನಗೆ ತೋಚಿದ್ದು ಬರಿ’ ಎಂದರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತದೆ. ಸ್ವಲ್ಪ ಹೊತ್ತಿಗೆ ‘ಏನು ಬರೀಲಿ ಮಿಸ್?’ ಎಂಬ ಪ್ರಶ್ನೆ.

ಆಟದ ಪೀರಿಯಡ್ಡಿನಲ್ಲಿ ಬಾಯಿ ಮುಚ್ಚದೆ ಮಾತಾಡಿದ ಮಗುವೇ ಅದು. ಬಾವಿಗೆ ಬಿದ್ದ ಬೆಕ್ಕಿನ ಸುದ್ದಿ, ಮಾವನ ಮದುವೆಯಲ್ಲಿ ನಡೆದ ಜಗಳ, ಬಸ್ಸಿನಲ್ಲಿ ಕಂಡ ಮುದುಕ, ಎಲ್ಲವೂ ಅದರ ಬಳಿ ಇದೆ. ಅವೂ ಬರೆಯುವಂಥ ಸಂಗತಿಗಳೇ ಎಂದು ಯಾರೂ ಅದಕ್ಕೆ ಹೇಳಿಲ್ಲ, ಅಷ್ಟೆ.

ಗಾದೆಯನ್ನೇ ಹಿಡಿದು ಈ ಬೀಗ ತೆಗೆದ ಮೇಷ್ಟ್ರೊಬ್ಬರಿದ್ದರು: ರಷ್ಯಾದ ಲೇಖಕ ಲಿಯೋ ಟಾಲ್‌ಸ್ಟಾಯ್. ‘ಯುದ್ಧ ಮತ್ತು ಶಾಂತಿ’ ಬರುವುದಕ್ಕೆ ಮೊದಲೇ, 1859ರಲ್ಲಿ, ಅವರು ಯಾಸ್ನಾಯಾ ಪೋಲ್ಯಾನಾದ ತಮ್ಮ ಮನೆತನದ ಜಮೀನಿನಲ್ಲಿ ರೈತರ ಮಕ್ಕಳಿಗಾಗಿ ಶಾಲೆ ತೆರೆದಿದ್ದರು. ಅಲ್ಲಿಯೂ ಮಕ್ಕಳು ಬರವಣಿಗೆ ಎಂದರೆ ಹಿಂದೆ ಸರಿಯುತ್ತಿದ್ದರು. ಒಂದು ದಿನ ಟಾಲ್‌ಸ್ಟಾಯ್ ರಷ್ಯನ್ ಗಾದೆಗಳ ಸಂಗ್ರಹದಿಂದ ಒಂದನ್ನು ಆರಿಸಿದರು. ಚಮಚದಲ್ಲಿ ಉಣಿಸಿ ಅದರ ಹಿಡಿಯಿಂದ ಕಣ್ಣಿಗೆ ತಿವಿಯುವುದು ಎಂಬ ಅರ್ಥದ ಗಾದೆ ಅದು. ಇದರ ಮೇಲೊಂದು ಕಥೆ ಕಟ್ಟಿ ಎಂದರೆ ಮಕ್ಕಳು ‘ನೀವೇ ಬರೆಯಿರಿ’ ಎಂದುಬಿಟ್ಟರು. ಟಾಲ್‌ಸ್ಟಾಯ್ ಗದರಲಿಲ್ಲ, ಕುಳಿತು ಬರೆಯತೊಡಗಿದರು.

ಮುಂದೆ ನಡೆದದ್ದನ್ನು ಅವರು 1862ರಲ್ಲಿ ಒಂದು ಲೇಖನವಾಗಿ ಬರೆದರು. ಬರೆಯುವುದನ್ನು ಯಾರು ಯಾರಿಂದ ಕಲಿಯಬೇಕು, ರೈತರ ಮಕ್ಕಳು ನಮ್ಮಿಂದಲೋ ನಾವು ಅವರಿಂದಲೋ ಎಂಬುದೇ ಆ ಲೇಖನದ ತಲೆಬರಹ. ಮಕ್ಕಳು ಒಬ್ಬೊಬ್ಬರಾಗಿ ಮೇಷ್ಟ್ರ ಕುರ್ಚಿಯ ಹಿಂದೆ ಬಂದು ನಿಂತರು. ಮೇಷ್ಟ್ರು ಬರೆದದ್ದು ಯಾರಿಗೂ ಹಿಡಿಸಲಿಲ್ಲ. ಸ್ಯೋಮ್ಕಾ ಮತ್ತು ಫೇದ್ಕಾ ಎಂಬ ಹುಡುಗರಂತೂ ತಿದ್ದುತ್ತಾ ತಿದ್ದುತ್ತಾ ಕಥೆಯನ್ನೇ ವಶಕ್ಕೆ ತೆಗೆದುಕೊಂಡರು. ಅವರು ಹೇಳುವುದು, ಟಾಲ್‌ಸ್ಟಾಯ್ ಬರೆದುಕೊಳ್ಳುವುದು. ಸಂಜೆ ಏಳಕ್ಕೆ ಶುರುವಾದದ್ದು ರಾತ್ರಿ ಹನ್ನೊಂದರವರೆಗೆ ನಡೆಯಿತು. ಮೇಷ್ಟ್ರು ಪೆನ್ನು ನಿಲ್ಲಿಸಿದರೆ ಹುಡುಗರಿಗೆ ಸಿಟ್ಟು! ಕಥೆಗೆ ರೈತನೊಬ್ಬ ಬರುವಾಗ ಹೆಂಗಸರ ತುಪ್ಪಳದ ಕೋಟು ತೊಟ್ಟು ಬರಲಿ ಎಂದು ಫೇದ್ಕಾ ಹೇಳಿದ. ಗಂಡಸರ ಕೋಟು ಆಗದೇ ಎಂದು ಕೇಳಿದರೆ, ಬೇಡ, ಇದೇ ಚೆನ್ನ ಎಂದ. ಕೈಗೆ ಸಿಕ್ಕಿದ್ದನ್ನು ಹೊದ್ದು ಹೊರಟುಬಂದ ಆ ಮನುಷ್ಯನ ಮನೆ, ಬಡತನ, ಸ್ವಭಾವ ಎಲ್ಲವೂ ಆ ಒಂದು ಕೋಟಿನಲ್ಲಿ ಬಂದುಬಿಟ್ಟಿತು ಎಂದು ಟಾಲ್‌ಸ್ಟಾಯ್ ಬೆರಗಾದರು. ಆಮೇಲೆ ಆ ಹಸ್ತಪ್ರತಿ ಬೇರೆ ಹುಡುಗರ ಕೈಗೆ ಸಿಕ್ಕಿ ಕಾಗದದ ಆಟಿಕೆಯಾಗಿ ಹಾಳಾಯಿತು. ಮಕ್ಕಳೇ ಮತ್ತೆ ಕುಳಿತು ಕಥೆ ಬರೆದುಕೊಟ್ಟರು.

ಆ ಲೇಖನದ ಕೊನೆಯಲ್ಲಿ ಟಾಲ್‌ಸ್ಟಾಯ್ ಕೊಟ್ಟ ವಿವರಣೆ ಇಂದಿಗೂ ಪ್ರತಿ ಶಿಕ್ಷಕರ ಕೋಣೆಯಲ್ಲಿ ಇರಬೇಕಾದದ್ದು. ಬರೆಯುವಾಗ ಮಗು ಏಕಕಾಲಕ್ಕೆ ಹಲವು ಕೆಲಸ ಮಾಡುತ್ತದೆ: ಬರುವ ಯೋಚನೆಗಳಲ್ಲಿ ಒಂದನ್ನು ಆರಿಸಬೇಕು, ಅದಕ್ಕೆ ಮಾತು ಹುಡುಕಬೇಕು, ಎಲ್ಲಿ ಇಡಬೇಕೆಂದು ತಿಳಿಯಬೇಕು, ಹಿಂದೆ ಹೇಳಿದ್ದು ನೆನಪಿರಬೇಕು, ಇದೆಲ್ಲದರ ನಡುವೆ ಅಕ್ಷರವನ್ನೂ ಬರೆಯಬೇಕು. ಎಲ್ಲವೂ ಒಟ್ಟಿಗೆ ಮೇಲೆ ಬಿದ್ದಾಗ ಮಗು ನಿಂತುಬಿಡುತ್ತದೆ. ಆದ್ದರಿಂದ ಮೊದಮೊದಲು ಕೆಲವು ಕೆಲಸಗಳನ್ನು ಮೇಷ್ಟ್ರು ಹೊತ್ತುಕೊಳ್ಳಲಿ, ಕ್ರಮೇಣ ಮಗುವಿಗೆ ಬಿಟ್ಟುಕೊಡಲಿ ಎಂದರು. ಮಕ್ಕಳ ಬರಹ ನೋಡುವಾಗ ಅಕ್ಷರ, ಕಾಗುಣಿತ, ಅಚ್ಚುಕಟ್ಟುತನದ ಬಗ್ಗೆ ಟೀಕೆ ಮಾಡಲೇಬಾರದು ಎಂದೂ ಹೇಳಿದರು. ನಮ್ಮಲ್ಲಿ ಕೆಂಪು ಶಾಯಿ ಮೊದಲು ಹುಡುಕುವುದೇ ಅಲ್ಪಪ್ರಾಣ ಮಹಾಪ್ರಾಣಗಳನ್ನು. ಬೆಕ್ಕು ಬಾವಿಯಿಂದ ಮೇಲೆ ಬಂತೋ ಇಲ್ಲವೋ ಎಂದು ಕೇಳುವವರು ಕಡಿಮೆ.

ಇಟಲಿಯ ಜಾನಿ ರೋದಾರಿ ಇನ್ನೊಂದು ಬಾಗಿಲು ತೋರಿಸಿದರು. ಶಾಲಾ ಶಿಕ್ಷಕರಾಗಿ, ಪತ್ರಕರ್ತರಾಗಿ ದುಡಿದು, 1970ರಲ್ಲಿ ಮಕ್ಕಳ ಸಾಹಿತ್ಯಕ್ಕಾಗಿ ಆಂಡರ್ಸನ್ ಪ್ರಶಸ್ತಿ ಪಡೆದವರು. 1972ರಲ್ಲಿ ರೆಜ್ಜೋ ಎಮಿಲಿಯಾ ಪಟ್ಟಣದ ಶಿಕ್ಷಕರೊಡನೆ ನಡೆಸಿದ ಮಾತುಕತೆಯಿಂದ ಮರುವರ್ಷ ‘ಕಲ್ಪನೆಯ ವ್ಯಾಕರಣ’ ಎಂಬ ಅರ್ಥದ ಹೆಸರಿನ ಪುಸ್ತಕ ತಂದರು. ಅವರ ಆಟ ಸರಳ. ಒಂದು ಮಗು ಬೋರ್ಡಿನ ಮುಂದೆ ಒಂದು ಪದ ಬರೆಯುತ್ತದೆ, ಇನ್ನೊಂದು ಮಗು ಅದನ್ನು ನೋಡದೆ ಹಿಂಬದಿಯಲ್ಲಿ ಮತ್ತೊಂದು ಪದ. ಎರಡೂ ತೀರಾ ನೆಂಟರಾಗಿರಬಾರದು. ಇಡ್ಲಿಗೆ ಸಾಂಬಾರ್ ಸಿಕ್ಕರೆ ಕಥೆ ಹುಟ್ಟುವುದಿಲ್ಲ, ಇಡ್ಲಿಗೆ ರೈಲ್ವೆ ಗೇಟು ಸಿಗಬೇಕು. ರೋದಾರಿ ಕೊಡುವ ಉದಾಹರಣೆ ನಾಯಿ ಮತ್ತು ಬೀರು. ಕನ್ನಡದ ಮಗುವಿಗೆ ಇಲ್ಲಿ ವಿಭಕ್ತಿ ಪ್ರತ್ಯಯಗಳೇ ನೆರವಿಗೆ ಬರುತ್ತವೆ: ನಾಯಿಯ ಬೀರು, ಬೀರುವಿನಲ್ಲಿ ನಾಯಿ, ನಾಯಿಗೆ ಬೀರು, ಬೀರುವಿನಿಂದ ನಾಯಿ. ಒಂದೊಂದೂ ಬೇರೆ ಕಥೆ. ಬಾಯಿಪಾಠ ಮಾಡಿದ ಉ, ಅನ್ನು, ಇಂದ, ಗೆ ಇಷ್ಟು ಖುಷಿಯಿಂದ ಇನ್ನೆಲ್ಲಿ ಕೆಲಸಕ್ಕೆ ಬಂದೀತು!

ನ್ಯೂಯಾರ್ಕಿನ ಒಂದು ಸರ್ಕಾರಿ ಶಾಲೆಯಲ್ಲಿ ಕವಿ ಕೆನೆತ್ ಕೋಕ್ 1968ರಲ್ಲಿ ಪ್ರತಿ ಮಗುವಿಗೂ ‘ನನಗೆ ಆಸೆ’ ಎಂದು ಶುರುವಾಗುವ ಒಂದೇ ಸಾಲು ಬರೆಯಲು ಹೇಳಿದರು. ಪ್ರಾಸ ಬೇಡ, ಕಾಗುಣಿತದ ಚಿಂತೆ ಬೇಡ. ಎಲ್ಲರ ಸಾಲು ಸೇರಿ ತರಗತಿಯ ಕವಿತೆಯಾಯಿತು. ಒಂದೇ ಸಾಲಾದ್ದರಿಂದ ಯಾರಿಗೂ ಭಯವಿರಲಿಲ್ಲ.

ಇದಕ್ಕೆಲ್ಲ ಹಣ ಬೇಕಿಲ್ಲ, ಸ್ಮಾರ್ಟ್ ಬೋರ್ಡೂ ಬೇಕಿಲ್ಲ. ಪಠ್ಯ ಮುಗಿಸುವ ಒತ್ತಡದಲ್ಲಿರುವ ಶಿಕ್ಷಕರಿಗೆ ಸಮಯ ಸಿಗುವುದು ಕಷ್ಟ ಎಂಬುದು ನಿಜ. ಹಾಗಿದ್ದರೂ ವಾರಕ್ಕೊಂದು ಪೀರಿಯಡ್ ಸಾಕು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಬೋರ್ಡಿನ ಮೇಲೆ ಬರೆಯಿರಿ. ದೊಣ್ಣೆ ಬೀಸಿದವನು ಯಾರು? ಕುಂಬಾರನ ಮಗನೇ ಇರಬಹುದೇ? ಆ ಸಂಜೆ ಆ ಮನೆಯಲ್ಲಿ ಯಾರು ಯಾರೊಡನೆ ಮಾತಾಡಿದರು? ಮಕ್ಕಳು ಸುಮ್ಮನಿದ್ದರೆ ನೀವೇ ಮೊದಲ ಸಾಲು ಬರೆಯಿರಿ, ‘ಅದು ಹಾಗಲ್ಲ ಸಾರ್’ ಎಂದು ಯಾರಾದರೂ ಹೇಳುವವರೆಗೆ ಬರೆಯುತ್ತಲೇ ಇರಿ. ಹೇಳಿದ ಕೂಡಲೇ ಸೀಮೆಸುಣ್ಣವನ್ನು ಆ ಮಗುವಿನ ಕೈಗೆ ಕೊಡಿ.