ಮಕ್ಕಳ ಸಮುದ್ರ, ದೊಡ್ಡವರ ಗಟಾರ

ಪ್ರತಿ ವರ್ಷ ಜೂನ್ 8ನೆಯ ತಾರೀಖು ಜಗತ್ತಿನಲ್ಲೆಲ್ಲ ಸಾಗರ ದಿನ. 1992ರಲ್ಲಿ ಬ್ರೆಜಿಲ್ ದೇಶದ ರಿಯೋ ನಗರದಲ್ಲಿ ರಾಷ್ಟ್ರಗಳು ಕೂಡಿದಾಗ ಹುಟ್ಟಿದ ಈ ವಿಚಾರಕ್ಕೆ ವಿಶ್ವಸಂಸ್ಥೆ 2009ರಿಂದ ಅಧಿಕೃತ ಮನ್ನಣೆ ಕೊಟ್ಟಿದೆ. ಅದಕ್ಕೆ ಮೂರು ದಿನ ಮೊದಲು, ಜೂನ್ 5ಕ್ಕೆ, ಪರಿಸರ ದಿನ. ಬೇಸಿಗೆಯ ರಜೆ ಮುಗಿದು ಶಾಲೆಯ ಬಾಗಿಲು ತೆರೆದ ಹೊಸತಿನಲ್ಲಿಯೇ ಈ ಎರಡೂ ದಿನಗಳು ಬರುತ್ತವೆ. ಅವುಗಳ ಬೆನ್ನಿಗೇ ಚಿತ್ರಕಲಾ ಸ್ಪರ್ಧೆಗಳು ಬರುತ್ತವೆ. ಸಮುದ್ರ ಉಳಿಸಿರಿ, ನೀರು ಉಳಿಸಿರಿ, ಭೂಮಿ ಉಳಿಸಿರಿ ಎಂದು ಮಕ್ಕಳ ಕೈಗೆ ಹಾಳೆ ಕೊಟ್ಟು ಕೂಡಿಸುತ್ತಾರೆ.

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಮಕ್ಕಳಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ ಇದ್ದಾರು? ಬೀಡಿ ಕಟ್ಟುವವಳ ಮಗಳು, ಕಬ್ಬು ಕಡಿಯುವವನ ಮಗ, ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳ ಮೊಮ್ಮಗ, ಇವರು ಸಮುದ್ರ ಕಾಣಲು ಯಾವಾಗ ಹೋಗಬೇಕು? ಆದುದರಿಂದ ಅವರು ಬರೆಯುವ ಸಮುದ್ರ ಮತ್ತೊಬ್ಬರು ಬರೆದಿಟ್ಟ ಸಮುದ್ರ. ಮೇಲೆ ಸೂರ್ಯ, ಕೆಳಗೆ ನೀಲಿ ಬಣ್ಣ, ನಡುವೆ ಒಂದು ತಿಮಿಂಗಿಲ. ಗಂಟಲಲ್ಲಿ ಪ್ಲಾಸ್ಟಿಕ್ ಚೀಲ ಸಿಕ್ಕ ಒಂದು ಆಮೆ. ಕಣ್ಣೀರಿಡುವ ಭೂಗೋಲ, ಅದನ್ನು ಎತ್ತಿ ಹಿಡಿದ ಎರಡು ಕೈ. ನೂರು ಹಾಳೆ ನೋಡಿದರೂ ಚಿತ್ರ ಇದೇ. ಗೆರೆಯಾಚೆ ಬಣ್ಣ ಹೋಗದ ಹಾಳೆಗೆ ಮೊದಲ ಬಹುಮಾನ. ಅತಿಥಿಗಳು ಭಾಷಣ ಮಾಡುತ್ತಾರೆ, ಫೋಟೋ ತೆಗೆಯುತ್ತಾರೆ, ಹಾಳೆಗಳು ಕಪಾಟಿಗೆ ಸೇರುತ್ತವೆ. ಇನ್ನೂ ಒಂದು ತಮಾಷೆ ಇದೆ. ಎಷ್ಟೋ ಕಡೆ ಪ್ಲಾಸ್ಟಿಕ್ ಬೇಡವೆಂದು ಸಾರುವ ಸಭೆಯ ಹಿಂದೆ ತೂಗುವ ಫಲಕವೇ ಪ್ಲಾಸ್ಟಿಕ್ಕಿನ ಫ್ಲೆಕ್ಸು. ನಮ್ಮ ರಾಜ್ಯ 2016ರ ಮಾರ್ಚ್ ತಿಂಗಳಲ್ಲಿಯೇ ನಿಷೇಧಿಸಿದ ವಸ್ತು ಅದು!

ನಾವು ಈ ಸ್ಪರ್ಧೆಗಳ ವಿರೋಧಿಗಳಲ್ಲ. ಕಾಣದ ಸಮುದ್ರವನ್ನು ಕುರಿತು ಚಿಂತಿಸುವ ಮಗು ಕಾಣದ ಮನುಷ್ಯನನ್ನು ಕುರಿತೂ ಚಿಂತಿಸೀತು. ಬಡವರ ಮಗುವಿಗೆ ಬಣ್ಣದ ಡಬ್ಬಿ ಬೇಡ, ಲೆಕ್ಕ ಮತ್ತು ಅಕ್ಷರ ಸಾಕು ಎನ್ನುವವರ ಮಾತನ್ನೂ ನಾವು ಒಪ್ಪುವುದಿಲ್ಲ. ನಮ್ಮ ತಕರಾರು ಒಂದೇ. ಸಮುದ್ರ ಬೇರೆಲ್ಲಿಯೋ ಇದೆ, ಅದನ್ನು ಕೆಡಿಸುವವರೂ ಬೇರೆ ಯಾರೋ ಎಂದು ಈ ಸ್ಪರ್ಧೆಗಳು ಮಕ್ಕಳಿಗೆ ಕಲಿಸುತ್ತಿವೆ. ಇದು ಭೂಗೋಲದ ದೃಷ್ಟಿಯಿಂದಲೂ ತಪ್ಪು, ನ್ಯಾಯದ ದೃಷ್ಟಿಯಿಂದಲೂ ತಪ್ಪು.

ಮೊದಲು ಭೂಗೋಲ ನೋಡೋಣ. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಅಲ್ಲಿಂದ ಪಡುವಣ ಸಮುದ್ರ ಕೇವಲ 64 ಕಿಲೋಮೀಟರು. ಆದರೆ ಹೊಳೆ ಆ ಕಡೆಗೆ ಹೋಗದೆ ಮೂಡಲಿಗೆ ತಿರುಗಿ ಸುಮಾರು 1,400 ಕಿಲೋಮೀಟರು ನಡೆದು ಆಂಧ್ರದ ಹಂಸಲದೀವಿಯ ಹತ್ತಿರ ಬಂಗಾಲ ಉಪಸಾಗರವನ್ನು ಸೇರುತ್ತದೆ. ಆ ದಾರಿಯಲ್ಲಿ ಅದು ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತದೆ. ನಿಪ್ಪಾಣಿಯ ಬದಿಯ ವೇದಗಂಗೆ ದೂಧಗಂಗೆಯನ್ನು ಸೇರುತ್ತದೆ. ದೂಧಗಂಗೆ ಸದಲಗಾ ದಾಟಿ ಯಡೂರಿನ ಸಮೀಪ ಕೃಷ್ಣೆಗೆ ಬೀಳುತ್ತದೆ. ಮಾಂಜರಿ ಅಂಕಲಿಯ ಸೇತುವೆ, ಉಗಾರ, ಕುಡಚಿ ದಾಟಿ ಹಿಪ್ಪರಗಿಯ ಬ್ಯಾರೇಜಿಗೆ ನೀರು ಮುಟ್ಟುತ್ತದೆ. ಮುಂದೆ ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ, ಆಮೇಲೆ ಸಮುದ್ರ. ನಮ್ಮ ಮಗು ಪುಸ್ತಕ ನೋಡಿ ಬರೆಯುವ ಆಮೆ ಯಾವುದೋ ದ್ವೀಪದ್ದೇ ಆಗಬೇಕಿಲ್ಲ. ಆಲಿವ್ ರಿಡ್ಲಿ ಎಂಬ ಕಡಲಾಮೆ ಕೃಷ್ಣೆಯ ಮುಖದ ಉಸುಕಿನಲ್ಲಿಯೇ ಮೊಟ್ಟೆ ಇಡಲು ಬರುತ್ತದೆ. ಅಂದಮೇಲೆ ಯಡೂರಿನ ಹೊಳೆದಂಡೆಯಲ್ಲಿ ನಿಂತ ಮಗು ಸಮುದ್ರದ ಹಿತ್ತಲ ಬಾಗಿಲಲ್ಲಿ ನಿಂತಂತೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ನಮ್ಮ ಗಟಾರಕ್ಕೆ ಬಿದ್ದ ಚೀಲವೆಲ್ಲ ಬಂಗಾಲ ಉಪಸಾಗರವನ್ನು ಮುಟ್ಟುವುದಿಲ್ಲ. ನಡುವೆ ಇಷ್ಟೊಂದು ಅಣೆಕಟ್ಟುಗಳಿವೆ. ಬಹಳಷ್ಟು ಕಸ ಅಲ್ಲಲ್ಲಿಯೇ ಹೂಳಿನಲ್ಲಿ ಹುಗಿದುಹೋಗುತ್ತದೆ. ಆದರೆ ಇದು ಸಮಾಧಾನದ ಸಂಗತಿಯೇ? ಸಮುದ್ರಕ್ಕೆ ಹೋಗದ ಹೊಲಸು ನಮ್ಮ ಕೆಳಗಿನ ಊರವರ ಕುಡಿಯುವ ನೀರಿನಲ್ಲಿ ನಿಂತಿತು ಎಂದಷ್ಟೇ ಅದರ ಅರ್ಥ. ಇನ್ನು ಸಮುದ್ರಕ್ಕೆ ಸಿಕ್ಕಬೇಕಾದದ್ದೂ ಸಿಕ್ಕುತ್ತಿಲ್ಲ. 2000ದ ನಂತರದ ಕೆಲವು ಬರಗಾಲದ ವರ್ಷಗಳಲ್ಲಿ ಕೃಷ್ಣೆಯಿಂದ ಸಮುದ್ರಕ್ಕೆ ಹೆಚ್ಚುಕಡಿಮೆ ನೀರೇ ಹರಿಯಲಿಲ್ಲ. ಹೊಳೆ ತಂದುಕೊಡುವ ಸಿಹಿನೀರು, ಮಣ್ಣು ನಿಂತರೆ ಅಳಿವೆಯ ಮೀನು ಬಡವಾಗುತ್ತದೆ, ದಂಡೆ ಕೊಚ್ಚಿಹೋಗುತ್ತದೆ.

2021ರಲ್ಲಿ ಪ್ರಕಟವಾದ ಒಂದು ಶೋಧನೆ ಜಗತ್ತಿನ ಹೊಳೆಗಳ ಲೆಕ್ಕ ಹಾಕಿತು. ಹೊಳೆಗಳ ಮೂಲಕ ಸಮುದ್ರ ಸೇರುವ ಪ್ಲಾಸ್ಟಿಕ್ಕು ವರ್ಷಕ್ಕೆ 8 ಲಕ್ಷದಿಂದ 27 ಲಕ್ಷ ಟನ್. ಅದರ ಶೇಕಡಾ 80 ಭಾಗ ಸಾವಿರಕ್ಕೂ ಮಿಕ್ಕಿದ ಹೊಳೆಗಳಿಂದ ಬರುತ್ತದೆ. ದೊಡ್ಡ ಹೆಸರಿನ ಮಹಾನದಿಗಳಷ್ಟೇ ಅಲ್ಲ, ಪಟ್ಟಣಗಳ ನಡುವೆ ಹರಿಯುವ ಸಣ್ಣ ಹೊಳೆ ಹಳ್ಳಗಳೇ ಹೆಚ್ಚಿನ ಅಪರಾಧಿಗಳೆಂದು ಅದು ತೋರಿಸಿತು. ಪೇಟೆಯ ಹಿಂದಿನ ಹಳ್ಳಕ್ಕೂ ಸಮುದ್ರಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಇದೇ ಉತ್ತರ.

ಸಾಗರ ದಿನ ಬರುವ ಹೊತ್ತೂ ಗಮನಿಸತಕ್ಕದ್ದು. ಜೂನ್ ಮೊದಲ ವಾರವೆಂದರೆ ಮುಂಗಾರಿನ ಹೊಸ್ತಿಲು. ಎಂಟು ತಿಂಗಳು ಗಟಾರದಲ್ಲಿ ಕೂಡಿದ್ದನ್ನೆಲ್ಲ ಮೊದಲ ದೊಡ್ಡ ಮಳೆ ಹೊಳೆಗೆ ಒಯ್ಯುತ್ತದೆ. 2005, 2019, 2021ರ ಮಹಾಪೂರಗಳನ್ನು ನಾವು ಉಂಡವರು. ನೆರೆ ಇಳಿದ ಮೇಲೆ ದಂಡೆಯ ಜಾಲಿಮುಳ್ಳಿನಲ್ಲಿ ಚೀಲಗಳು ಬಾವಲಿಗಳಂತೆ ತೂಗುವುದನ್ನು ಹೊಳೆಸಾಲಿನ ಯಾವ ಮಗು ಕಂಡಿಲ್ಲ? ಯಾರೂ ಹೇಳಿಕೊಡಬೇಕಾಗಿಲ್ಲದ ಚಿತ್ರ ಅದು. ಆದರೆ ಅದನ್ನು ಬರೆ ಎಂದು ಆ ಮಗುವಿಗೆ ಹೇಳಿದವರು ಎಷ್ಟು ಮಂದಿ?

ಈಗ ನ್ಯಾಯದ ಮಾತು. ಹೊಳೆ ಕೆಡುವುದು ಚೀಲಗಳಿಂದ ಮಾತ್ರವಲ್ಲ. ನಮ್ಮ ಗಡಿಭಾಗದ ಎಷ್ಟೋ ಜನ ಹೊಟ್ಟೆಪಾಡಿಗೆ ಇಚಲಕರಂಜಿಯ ಮಗ್ಗಗಳಿಗೆ ಹೋಗುತ್ತಾರೆ. ಅಲ್ಲಿ ಬಟ್ಟೆಗೆ ಬಣ್ಣ ಹಾಕಿದ ನೀರೂ ಊರುಗಳ ಕೊಳಚೆಯೂ ಕೂಡಿ ಪಂಚಗಂಗೆ ಏನಾಯಿತೆಂದು ಅವರನ್ನೇ ಕೇಳಿರಿ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿ ಜನ ಸತ್ತರು. ಆ ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡಿ ನಮ್ಮಲ್ಲಿಗೆ ಬರುತ್ತದೆ. ಇನ್ನು ನಮ್ಮದು ಸಕ್ಕರೆ ಸೀಮೆ. 1939ರಲ್ಲಿ ಉಗಾರದಲ್ಲಿ ಕಾರಖಾನೆ ನಿಂತಂದಿನಿಂದ ಇಂದಿನವರೆಗೆ ಐದೂ ತಾಲೂಕುಗಳ ಬದುಕು ಕಬ್ಬಿನ ಸುತ್ತ ತಿರುಗುತ್ತಿದೆ. ಕಾಕಂಬಿಯಿಂದ ಒಂದು ಲೀಟರು ಮದ್ಯಸಾರ ಇಳಿಸಿದರೆ 8ರಿಂದ 15 ಲೀಟರು ಕಪ್ಪು ಕೊಳೆನೀರು ಉಳಿಯುತ್ತದೆ. ಅದನ್ನು ಹೊರಗೆ ಬಿಡದೆ ಒಳಗೇ ತೀರಿಸಬೇಕೆಂಬುದು ಕಾನೂನು. ಎಲ್ಲಿಯಾದರೂ ಅದು ಹೊಳೆಗೆ ಬಿದ್ದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿಯ ಪ್ರಾಣವಾಯುವನ್ನೆಲ್ಲ ಹೀರಿಬಿಡುತ್ತವೆ, ಮೀನು ಉಸಿರುಗಟ್ಟಿ ಹೊಟ್ಟೆ ಮೇಲೆ ಮಾಡಿ ತೇಲುತ್ತದೆ. ಕಬ್ಬಿನ ಗದ್ದೆಗೆ ಸುರಿದ ಗೊಬ್ಬರದ ಒಂದು ಪಾಲೂ ಮಳೆಯ ನೀರಿನೊಡನೆ ಇದೇ ದಾರಿ ಹಿಡಿಯುತ್ತದೆ.

ಹೀಗಿರುವಾಗ ಬುದ್ಧಿವಾದ ಯಾರಿಗೆ? ದಂಡ ಯಾರಿಗೆ? ಸಣ್ಣ ವ್ಯಾಪಾರಿಗೆ! 2016ರ ರಾಜ್ಯದ ನಿಷೇಧ, 2022ರ ಜುಲೈ 1ರ ಕೇಂದ್ರದ ನಿಷೇಧ, ಎರಡರ ಬಿಸಿಯೂ ಮೊದಲು ತಟ್ಟುವುದು ಗಾಡಿಯ ಮೇಲೆ ಹಣ್ಣು ಮಾರುವವನಿಗೆ. ಅವನ ಕೈಚೀಲದ ಕಟ್ಟು ಜಪ್ತಾಗುತ್ತದೆ. ಆದರೆ ಅದೇ ಪೇಟೆಗೆ ದೂರದ ಕಂಪನಿಗಳಿಂದ ಬರುವ ಬಿಸ್ಕೀಟು, ಚಿಪ್ಸು, ಶಾಂಪೂಗಳ ಹೊಳೆಯುವ ಪುಡಿಕೆಗಳು ಆ ಪಟ್ಟಿಯಲ್ಲಿಲ್ಲ. ಪ್ಲಾಸ್ಟಿಕ್ಕಿನ ಹೊದಿಕೆಯಲ್ಲಿ ಮಾಲು ಮಾರಿದ ಕಂಪನಿಯೇ ಆ ಹೊದಿಕೆಯ ವಿಲೇವಾರಿಗೂ ಹೊಣೆ ಎಂದು 2016ರ ನಿಯಮಗಳು ಹೇಳುತ್ತವೆ, 2022ರಲ್ಲಿ ಅದನ್ನು ಮತ್ತಷ್ಟು ಬಿಗಿಗೊಳಿಸಿದ್ದಾರೆ. ಆ ಹೊಣೆ ಹೊತ್ತವರು ನಮ್ಮ ಊರಿನ ಓಣಿಗೆ ಬಂದು ಒಂದು ಪುಡಿಕೆಯನ್ನಾದರೂ ಎತ್ತಿದ್ದನ್ನು ಕಂಡವರುಂಟೇ? ಗುಟಕಾ, ತಂಬಾಕುಗಳನ್ನು ಪ್ಲಾಸ್ಟಿಕ್ ಚೀಟಿನಲ್ಲಿ ತುಂಬಬಾರದೆಂದು ಆ ನಿಯಮಗಳಲ್ಲಿಯೇ ಇದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಇದಕ್ಕೇ.

ತಂಬಾಕಿನ ಮಾತು ಬಂದದ್ದರಿಂದ ನಿಪ್ಪಾಣಿಯವರಿಗೆ ಇನ್ನೊಂದು ಸಂಗತಿ. ಜಗತ್ತಿನ ಕಡಲ ದಂಡೆಗಳನ್ನು ಸ್ವಚ್ಛ ಮಾಡುವವರು ಆರಿಸಿದ ಕಸವನ್ನು ಎಣಿಸಿ ಇಡುವ ಪದ್ಧತಿ 1986ರಲ್ಲಿ ಅಮೆರಿಕದಲ್ಲಿ ಸುರುವಾಯಿತು. ಆ ಎಣಿಕೆಯಲ್ಲಿ ವರ್ಷಾನುಗಟ್ಟಲೆ ಮೊದಲ ಸ್ಥಾನ ಸಿಗರೇಟಿನ ತುಂಡಿಗೆ. 2019ರ ಎಣಿಕೆಯಲ್ಲಿ ತಿಂಡಿಯ ಹೊದಿಕೆಗಳು ಅದನ್ನು ಹಿಂದೆ ಹಾಕಿದವು. ಸಿಗರೇಟಿನ ತುದಿಯ ಬಿಳಿ ಅರಳೆಯಂಥದ್ದು ಅರಳೆಯಲ್ಲ, ಒಂದು ಬಗೆಯ ಪ್ಲಾಸ್ಟಿಕ್ಕು. ನಮ್ಮ ಬೀಡಿಗೆ ಆ ತುದಿ ಇಲ್ಲ. ಇದರಿಂದ ಬೀಡಿ ಒಳ್ಳೆಯದೆಂದು ಯಾರೂ ತಿಳಿಯಬಾರದು. ಅದು ಎದೆಗೆ ಮಾಡುವ ಕೇಡು ಕಡಿಮೆಯಲ್ಲ.

ಕಾಮಗಾರ ಬಂಧುಗಳಿಗೆ ಒಂದು ಮಾತು. ಹೊಳೆಯ ಮಾತೆತ್ತಿದರೆ ಕಾರಖಾನೆ ಮುಚ್ಚುತ್ತದೆ, ನಿಮ್ಮ ಅನ್ನ ಹೋಗುತ್ತದೆ ಎಂಬ ಬೆದರಿಕೆ ಹೊಸದಲ್ಲ. ಕೊಳೆನೀರು ಶುದ್ಧಿ ಮಾಡುವ ಯಂತ್ರ ಕಾಮಗಾರನ ಅನ್ನದಿಂದ ನಡೆಯಬೇಕಾದುದಲ್ಲ, ಅದು ಮಾಲು ತಯಾರಿಸುವ ಖರ್ಚಿನ ಒಂದು ಭಾಗ. ಬಾಯ್ಲರಿನ ಉರುವಲು ಹೇಗೋ ಹಾಗೆ. ಹೊಳೆ ಕೆಟ್ಟರೆ ಅದರ ಖರ್ಚು ಇಲ್ಲದಾಗುವುದಿಲ್ಲ. ಅದು ಡಾಕ್ಟರನ ಬಿಲ್ಲಾಗಿ, ಕೊಂಡು ತಂದ ಕುಡಿಯುವ ನೀರಿನ ಕ್ಯಾನಾಗಿ ಕಾಮಗಾರನ ಮನೆಗೇ ಬರುತ್ತದೆ.

ಹಾಗಾದರೆ ಮಕ್ಕಳ ಸ್ಪರ್ಧೆ ಹೇಗಿರಬೇಕು? ಅಮೆರಿಕದಲ್ಲಿ 2011ರಲ್ಲಿ ಹುಟ್ಟಿದ ಬೋ ಸೀಟ್ ಎಂಬ ಸಂಸ್ಥೆ ಜಗತ್ತಿನ 11ರಿಂದ 18 ವರ್ಷದ ಮಕ್ಕಳಿಗೆ ಸಮುದ್ರ ಕುರಿತ ಕಲಾಸ್ಪರ್ಧೆ ನಡೆಸುತ್ತದೆ. ಅದರ ಒಂದು ಕರಾರು ನಮಗೆ ಮೆಚ್ಚುಗೆಯಾಯಿತು. ಮಗು ಚಿತ್ರ ಕಳಿಸಿದರೆ ಸಾಲದು, ಅದನ್ನು ಮಾಡುವಾಗ ತಾನು ಏನು ವಿಚಾರ ಮಾಡಿದೆ, ಏನು ತಿಳಿದುಕೊಂಡೆ ಎಂದು ಬರೆದೂ ಕಳಿಸಬೇಕು. ನಕಲು ಮಾಡಿದ ತಿಮಿಂಗಿಲಕ್ಕೆ ಇಂಥ ಬರಹ ಹುಟ್ಟುವುದು ಕಷ್ಟ. ಕಂಡ ಹಳ್ಳಕ್ಕಾದರೆ ಹತ್ತು ಸಾಲು ತಾನಾಗಿಯೇ ಬರುತ್ತದೆ. ನಮ್ಮ ದೇಶದಲ್ಲಿಯೂ ಕೇಂದ್ರ ಅಂತರ್ಜಲ ಮಂಡಳಿ 2010ರಿಂದ ಶಾಲಾ ಮಕ್ಕಳಿಗೆ ನೀರಿನ ವಿಷಯದ ಚಿತ್ರಸ್ಪರ್ಧೆ ನಡೆಸಿದ್ದುಂಟು. ನಮ್ಮ ರಾಜ್ಯದ ಪ್ರತಿಭಾ ಕಾರಂಜಿಯಲ್ಲಿ ಚಿತ್ರಕಲೆಯೂ ಇದೆ, ಮಣ್ಣಿನ ಕೆಲಸವೂ ಇದೆ. ಸಾಧನಗಳಿಗೆ ಕೊರತೆ ಇಲ್ಲ. ಕೊರತೆ ಇರುವುದು ಚಿತ್ರಕಲೆಯ ಶಿಕ್ಷಕರಿಗೆ. ಎಷ್ಟೋ ಸರಕಾರಿ ಶಾಲೆಗಳಲ್ಲಿ ಆ ಶಿಕ್ಷಕರೇ ಇಲ್ಲ. ಕಲಿಸದೆ ಬಹುಮಾನ ಹಂಚುವುದು ಬಿತ್ತದೆ ರಾಶಿಗೆ ಕೂತಂತೆ.

ಆದುದರಿಂದ ನಮ್ಮ ಸೂಚನೆ ಹೀಗಿದೆ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯವರು ಜೂನ್ 8ರ ಸ್ಪರ್ಧೆಗೆ ಒಂದೇ ವಿಷಯ ಕೊಡಲಿ: ನಮ್ಮ ಊರಿನ ನೀರು ಸಮುದ್ರಕ್ಕೆ ಹೋಗುವ ದಾರಿ. ಗುರುಗಳು ಮಕ್ಕಳನ್ನು ಜೋಪಾನವಾಗಿ ಕರೆದೊಯ್ದು ಗಟಾರ ಹಳ್ಳಕ್ಕೆ, ಹಳ್ಳ ಹೊಳೆಗೆ ಸೇರುವ ಜಾಗ ತೋರಿಸಲಿ. ನೀರು ಕರಿದಾಗಿದ್ದರೆ ಮಗು ಕರಿ ಬಣ್ಣವನ್ನೇ ಹಚ್ಚಲಿ, ಅದಕ್ಕೆ ಅಂಕ ಕಡಿಮೆ ಮಾಡಬಾರದು. ಕನ್ನಡ ಶಾಲೆಯ ಮಗುವೂ ಮರಾಠಿ ಶಾಲೆಯ ಮಗುವೂ ಒಂದೇ ಸಾಲಿನಲ್ಲಿ ಕೂತು ಬರೆಯಲಿ. ಹೊಳೆಗೆ ಗಡಿಯ ತಂಟೆ ಇಲ್ಲ. ಫ್ಲೆಕ್ಸಿನ ಬದಲು ಅರಿವೆಯ ಫಲಕ ಕಟ್ಟಲಿ.

ಎಲ್ಲಕ್ಕಿಂತ ಮುಖ್ಯವಾದುದು ಮುಂದಿನದು. ಚಿತ್ರಗಳನ್ನು ಕಪಾಟಿಗೆ ಹಾಕದೆ ಸಂತೆಯ ದಿನ ಪೇಟೆಯಲ್ಲಿ ತೂಗಹಾಕಬೇಕು. ಆಮೇಲೆ ಮುನಸಿಪಾಲಿಟಿಯ, ಗ್ರಾಮ ಪಂಚಾಯತಿಯ ಸಭಾಗೃಹದಲ್ಲಿ ತಿಂಗಳೊಪ್ಪತ್ತು ಇಡಬೇಕು. ಪ್ರತಿ ಚಿತ್ರದ ಕೆಳಗೆ ಆ ಜಾಗದ ಹೆಸರು ಇರಬೇಕು. ಆ ಜಾಗಕ್ಕೆ ಯಾರು ಹೊಣೆಯೋ ಅವರು, ಪುರಸಭೆಯ ಅಧಿಕಾರಿಯಾಗಲಿ, ಮಾಲಿನ್ಯ ನಿಯಂತ್ರಣ ಮಂಡಳಿಯಾಗಲಿ, ಕಾರಖಾನೆಯ ಆಡಳಿತವಾಗಲಿ, ಏನು ಮಾಡುತ್ತೇವೆಂದು ಬರೆದು ಅದರ ಬದಿಗೆ ಹಚ್ಚಬೇಕು. ಮರುವರ್ಷ ಅದೇ ಜಾಗದ ಚಿತ್ರವನ್ನು ಮಕ್ಕಳು ಮತ್ತೆ ಬರೆಯಲಿ. ಹಾಳೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಯಾರು ಮಾತು ಉಳಿಸಿಕೊಂಡರೆಂದು ಅಕ್ಷರ ಬಾರದವರಿಗೂ ತಿಳಿಯುತ್ತದೆ.

ಇದು ಮಕ್ಕಳನ್ನು ರಾಜಕಾರಣಕ್ಕೆ ಎಳೆದಂತೆ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಮಗುವಿನ ಕೈಯಲ್ಲಿ ಘೋಷಣೆ ಬರೆಯಿಸುವುದು ರಾಜಕಾರಣ. ಕಂಡದ್ದನ್ನು ಕಂಡ ಹಾಗೆ ಬರೆ ಎನ್ನುವುದು ವಿದ್ಯೆ. ಹೊಳೆಯ ಹೊಣೆ ಮಕ್ಕಳ ತಲೆಯ ಮೇಲೆ ಬೇಡ. ಅವರು ಕಂಡದ್ದನ್ನು ಬರೆದುಕೊಟ್ಟರೆ ಸಾಕು, ಉತ್ತರ ಕೊಡಬೇಕಾದವರು ದೊಡ್ಡವರು. ಕಾರಖಾನೆಯ ನೀರು ಎಲ್ಲಿಗೆ ಹೋಗುತ್ತದೆಂದು ಕಾಮಗಾರನಿಗೆ ಗೊತ್ತು. ಯಾವ ಕಂಪನಿಯ ಪುಡಿಕೆ ಎಷ್ಟು ಬರುತ್ತದೆಂದು ವ್ಯಾಪಾರಿಗೆ ಗೊತ್ತು. ಮಕ್ಕಳು ಚಿತ್ರ ಬರೆಯುವ ದಿನ ಇವರಿಬ್ಬರೂ ಸಂತೆಗೆ ಬಂದು ಆ ಚಿತ್ರಗಳ ಮುಂದೆ ನಿಂತು ತಮಗೆ ಗೊತ್ತಿದ್ದುದನ್ನು ಗಟ್ಟಿಯಾಗಿ ಹೇಳಬೇಕು. ಬರುವ ಜೂನಿಗೆ ಐದು ತಾಲೂಕುಗಳಲ್ಲಿ ಒಂದು ಊರಾದರೂ ಇದನ್ನು ಮಾಡಿ ತೋರಿಸಲಿ.